ಖರಾಬು, ಎರಡು ಗುಂಟೆ

ಪಹಣಿಯಲ್ಲಿ ಅದಕ್ಕೆ ಹೆಸರಿಲ್ಲ.
ಒಟ್ಟು ಮೂರು ಎಕರೆ ಹನ್ನೊಂದು ಗುಂಟೆ,
ಅದರಲ್ಲಿ ಕಳೆಯಿರಿ: ಖರಾಬು, ಎರಡು ಗುಂಟೆ.
ಕಳೆದವಳು ನಾನಲ್ಲ. ನನ್ನಂಥವರು ಯಾರೋ
ಸರಪಳಿ ಎಳೆಯುತ್ತ ಬಂದು, ಮೊಣಕಾಲು ಕೆಸರಲ್ಲಿ ಹೂತು,
ಬೈದುಕೊಂಡು ಬರೆದಿರಬೇಕು.

ಮೂವತ್ತೊಂದು ವರ್ಷ ನಾನೂ ಅದನ್ನೇ ಬರೆದೆ
ಹೊಳಲ್ಕೆರೆಯ ಸರ್ವೆ ಕಚೇರಿಯಲ್ಲಿ.
ಉತ್ತು ಬಿತ್ತಲು ಬಾರದ್ದೆಲ್ಲ ಖರಾಬು:
ಬಂಡೆ, ಹಳ್ಳ, ಗೋರಿ, ಹುತ್ತ,
ಬೇಸಿಗೆಯಲ್ಲೂ ಒದ್ದೆಯಾಗಿ
ಗೇಣು ಹಸಿರು ಹೊದ್ದ ಜಾಗ.

ನಿವೃತ್ತಿಯ ದುಡ್ಡಲ್ಲಿ ಕೊಂಡ ಹೊಲ.
ಮಾರಿದ ಗಾದ್ರಪ್ಪ, ನೋಂದಣಿ ಮುಗಿದ ಮೇಲೆ,
ಟೀ ಲೋಟ ಕೆಳಗಿಟ್ಟು ಬಾಯಿಬಿಟ್ಟ:
"ಅಲ್ಲೊಂದು ಊಟೆ ಐತೆ ಕಣಮ್ಮ.
ನಮ್ಮೆಮ್ಮೆ ಬಿಟ್ರೆ ಯಾರ್ಗೂ ಗೊತ್ತಿಲ್ಲ."

ಸುತ್ತ ಹೊಂಡ ತೆಗೆಸೋಣ ಅಂದೆ.
ನಕಾಶೆ ಬರೆದೆ. ಚೌಕ.
ನಲವತ್ತಡಿಗೆ ನಲವತ್ತಡಿ,
ನಟ್ಟನಡುವೆ ಊಟೆಯ ಕಣ್ಣು, ಕೆಂಪು ಶಾಯಿಯ ಚುಕ್ಕೆ.
ನಾಲ್ಕು ಗೂಟ ಬಡಿದು ಸುಣ್ಣ ಹೊಯ್ದೆ.
ಗೆರೆ ನೇರ ಇತ್ತು. ನನ್ನ ಗೆರೆ ಯಾವತ್ತೂ ನೇರವೇ,
ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತಾಗಲೂ
ನಡುವೆ ನಡೆದು ಎಳೆದದ್ದು.

ಜೆಸಿಬಿ ತಂದವನು ಭೀಮಸಮುದ್ರದ ಹುಡುಗ, ಶಫಿವುಲ್ಲಾ.
ಎಮ್ಮೆ ಮಲಗುತ್ತಿದ್ದ ಗುಳಿಗೇ ಮೊದಲ ಹಲ್ಲು ಊರಿದ.
ಕೆಮ್ಮಣ್ಣು, ಅದರ ಕೆಳಗೆ ಬೂದು ಜೇಡಿ,
ಜೇಡಿಯ ಕೆಳಗೆ ಗರಸು.
ಬಕೆಟ್ಟಿನ ಅಂಚಿನಿಂದ ಜಾರಿದ ಏಡಿಯೊಂದು
ಅಡ್ಡಡ್ಡ ಓಡಿತು, ಸುಣ್ಣದ ಗೆರೆ ತುಳಿದು, ಪಡುವಲಿಗೆ.
ನಾನು ನಕ್ಕೆ.

ಸಂಜೆಗೆ ಚೌಕ ಸಿದ್ಧ.
ನೀರು ನಿಂತಿತು.
ನಿಂತಿತು ಅಂದರೆ ತುಂಬಿ ನಿಂತದ್ದಲ್ಲ,
ಬರುವುದೇ ನಿಂತಿತು.

ಮೂರು ದಿನ ದಡದಲ್ಲಿ ಕೂತೆ.
ತಳದ ಜೇಡಿ ಒಣಗಿ ಹಪ್ಪಳದಂತೆ ಅಂಚು ಎತ್ತಿತು.
ಶಫಿವುಲ್ಲಾ ದಿನಕ್ಕೆರಡು ಸಲ ಫೋನು ಮಾಡಿ
"ಬಂತಾ ಮೇಡಂ?" ಅನ್ನುವನು,
ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ.
ತಲೆಗೊಂದು ಮಾತು: ಇನ್ನೂ ಆಳ ತೆಗಿ, ಮುಚ್ಚಿಬಿಡು,
ಬೋರು ಹಾಕಿಸು, ಅರಿಶಿನ ಕುಂಕುಮ ಇಡು.
ಗಾದ್ರಪ್ಪ ಏನೂ ಅನ್ನಲಿಲ್ಲ.
ನಾಲ್ಕನೇ ದಿನ ಎಮ್ಮೆ ಹೊಡಕೊಂಡು ಬಂದ.

ಅದು ನನ್ನ ಚೌಕವನ್ನು ಮೂಸಿತು.
ಒಮ್ಮೆ ಬುಸ್ಸೆಂದಿತು.
ಪಡುವಣ ಗೂಟ ದಾಟಿ, ಮೇಲಕ್ಕೆ, ಹನ್ನೊಂದು ಹೆಜ್ಜೆ
(ಎಣಿಸಿದೆ, ಚಟ ಬಿಡದು)
ಒಣ ತುಂಬೆಗಿಡದ ನಡುವೆ ಮಂಡಿಯೂರಿ ಮಲಗಿತು.
ಮಧ್ಯಾಹ್ನ ಅದನ್ನು ಎಬ್ಬಿಸಿದಾಗ
ನೆಲದಲ್ಲಿ ಹೊಟ್ಟೆಯ ಅಚ್ಚು,
ಅಚ್ಚಿನೊಳಗೆ ನೀರು.

ಯಂತ್ರ ಬೇಡ ಅಂದವಳು ಅವನ ಸೊಸೆ ಓಬಳಮ್ಮ.
"ಕಣ್ಣಿಗೇ ಕೈ ಹಾಕ್ತಾರೇನಮ್ಮ?
ರೆಪ್ಪೆ ಬಿಡಿಸ್ಬೇಕು, ಅಷ್ಟೆ."
ಚನಿಕೆಯಲ್ಲಿ, ಕೊನೆಕೊನೆಗೆ ತೆಂಗಿನ ಕರಟದಲ್ಲಿ,
ಸುತ್ತ ಸುತ್ತ ಬಿಡಿಸಿದೆವು ಆರು ದಿನ,
ನನ್ನ ಸೊಂಟ ಆಮೇಲೆ ಅಷ್ಟೇ ದಿನ ಮಾತಾಡಲಿಲ್ಲ.
ಅಂಗೈಯಗಲ ತಳದಲ್ಲಿ ಮರಳು ಕುದಿಯುತ್ತಿತ್ತು,
ತಣ್ಣಗೆ.

ಅಲ್ಲಿಂದ ಚೌಕಕ್ಕೆ ಕಾಲುವೆ ಕಡಿದೆವು.
ಕಾಲುವೆ ಬೇರಿಗೆ ಸುತ್ತು ಹಾಕಿತು, ಬಂಡೆಗೆ ತಲೆಬಾಗಿತು,
ಪಡುವಣ ಮೂಲೆಯ ತೊಂಬತ್ತು ಡಿಗ್ರಿಯನ್ನು
ರಾತ್ರೋರಾತ್ರಿ ತಿಂದು ಹಾಕಿತು.
ಈಗ ಹೊಂಡಕ್ಕೊಂದು ಕತ್ತಿದೆ, ಡೊಳ್ಳು ಹೊಟ್ಟೆಯಿದೆ.
ಕ್ಷೇತ್ರಫಲ ತೆಗೆಯಲು ಟೇಪು ಹಿಡಿದು ಹೋದೆ,
ಮೂರು ಸಲಕ್ಕೆ ಮೂರು ಲೆಕ್ಕ.

ಗೂಟಗಳಲ್ಲಿ ಮೂರನ್ನು ಕಿತ್ತೆ.
ನಾಲ್ಕನೆಯದು ನೀರೊಳಗಿದೆ,
ಬೆಳಿಗ್ಗೆ ಹಲ್ಲುಜ್ಜುತ್ತ ನೋಡುತ್ತೇನೆ ಎಷ್ಟು ಮುಳುಗಿದೆಯೆಂದು.
ಇವತ್ತು ಗೇಣಿನ ಮೇಲೆ ಎರಡು ಬೆರಳು.
ಎಮ್ಮೆ ಇಳಿದರೆ ಒಂದು ನೂಲು ಹೆಚ್ಚು.
ಅದನ್ನು ಕಳೆಯುವುದಿಲ್ಲ.